ಶಕ 1127ಕ್ಕೆ 78 ಕೂಡಿಸಿದರೆ ಸಾಕೇ? ಬೆಳಗಾವಿ-ಖಾನಾಪುರದ ಶಾಸನಗಳೂ ಪರ್ಲ್ ಕಲಿಕೆಯೂ

ಶಾಸನಪಾಠಗಳನ್ನು ಕಂಪ್ಯೂಟರಿಗೆ ಹಾಕಿ, ಪರ್ಲ್‌ನಲ್ಲಿ ಹುಡುಕಿ ವಿಂಗಡಿಸಬೇಕು, ಎಲ್ಲಿಂದ ಶುರು ಮಾಡೋಣ ಅಂತ ಹೊಸಬರು ಕೇಳುವುದುಂಟು. ಭಾಷಾಶಾಸ್ತ್ರ ಓದಿದ್ದ ಲ್ಯಾರಿ ವಾಲ್ 1987ರಲ್ಲಿ ಹೊರತಂದ ಈ ಭಾಷೆ ಪಠ್ಯದ ಕೆಲಸಕ್ಕೆ ಹೇಳಿಮಾಡಿಸಿದಂಥದ್ದು. ಉದಾಹರಣೆಗೆ ದೂರ ಹೋಗುವುದು ಬೇಡ. ಬೆಳಗಾವಿ ಕೋಟೆಯ ಶಾಸನಗಳು, ಖಾನಾಪುರ ತಾಲ್ಲೂಕಿನ ಹಲಸಿಯ ತಾಮ್ರಪಟ ಮತ್ತು ಶಿಲಾಶಾಸನ, ಇಷ್ಟೇ ಸಾಕು.

ಮೊದಲ ತೊಡಕು ಲಿಪಿಯದು. ‘ಬೆಳಗಾವಿ’ ಪದದ ಉದ್ದ ಎಷ್ಟು ಅಂತ ಕೇಳಿದರೆ ಪರ್ಲ್ 21 ಎನ್ನಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಅದು ಎಣಿಸಿದ್ದು ಆ ಬೈಟುಗಳನ್ನು. ಫೈಲ್ ತೆರೆಯುವಾಗಲೇ ಇದು ಯುಟಿಎಫ್-8 ಎಂದು ಹೇಳಿದರೆ ಉತ್ತರ 7 ಆಗುತ್ತದೆ, ಏಕೆಂದರೆ ಈಗ ವ್ಯಂಜನ, ಸ್ವರಚಿಹ್ನೆ ಬೇರೆಬೇರೆ ಲೆಕ್ಕ. ನಾವು ಓದುವ ಅಕ್ಷರಗಳು ಮಾತ್ರ ನಾಲ್ಕೇ: ಬೆ, ಳ, ಗಾ, ವಿ. ಸಾಲಿನಲ್ಲಿ ಎಷ್ಟು ಅಕ್ಷರ ಅಳಿಸಿಹೋಗಿದೆ ಅಂತ ಅಂದಾಜು ಮಾಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎರಡನೆಯದು ಅಂಕಿ. ಫೈಲಿನಲ್ಲಿ ‘೧೧೨೭’ ಅಂತ ಇದೆ ಅನ್ನಿ. ಅಂಕಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಅದನ್ನು ಹಿಡಿಯುತ್ತದೆ. ಆದರೆ ಅದಕ್ಕೆ 78 ಕೂಡಿಸಿ ನೋಡಿ, ಉತ್ತರ ಬರೀ 78! ಕನ್ನಡ ಅಂಕಿ ಅಂಕಿಯೇ ಎಂದು ಪರ್ಲ್‌ಗೆ ಗೊತ್ತು, ಅದರ ಬೆಲೆ ಮಾತ್ರ ತಾನಾಗಿ ಹಿಡಿಯುವುದಿಲ್ಲ. ವಾರ್ನಿಂಗ್ಸ್ ಹಾಕಿಕೊಂಡಿದ್ದರೆ ಎಚ್ಚರಿಸುತ್ತದೆ, ಇಲ್ಲದಿದ್ದರೆ ತೆಪ್ಪಗಿರುತ್ತದೆ. ಲೆಕ್ಕಕ್ಕೆ ಮೊದಲು ‘ಟಿಆರ್’ ಆಪರೇಟರಿನಿಂದ ೦-೯ನ್ನು 0-9 ಮಾಡಿಕೊಳ್ಳಬೇಕು.

ಅಷ್ಟಾದರೂ ಮುಗಿಯಲಿಲ್ಲ. ಬೆಳಗಾವಿ ಕೋಟೆಯಲ್ಲಿದ್ದ ರಟ್ಟ ನಾಲ್ಕನೆಯ ಕಾರ್ತವೀರ್ಯನ ಕಾಲದ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬೀಚಣ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಸಂಬಂಧಿಸಿದವು. ಅವುಗಳ ಕಾಲ ಶಕ 1127, ರಕ್ತಾಕ್ಷಿ ಸಂವತ್ಸರ, ಪುಷ್ಯ ಶುದ್ಧ ಬಿದಿಗೆ, ವಡ್ಡವಾರ. ಕಣ್ಣು ಮುಚ್ಚಿ 78 ಕೂಡಿಸಿದರೆ 1205. ರಕ್ತಾಕ್ಷಿ ಏನನ್ನುತ್ತದೆ? ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ದಕ್ಷಿಣದ ಲೆಕ್ಕದಲ್ಲಿ ಸಂವತ್ಸರದ ಕ್ರಮಸಂಖ್ಯೆ (ಶೇಷ ಸೊನ್ನೆ ಬಂದರೆ 60). 1127ಕ್ಕೆ 59 ಬರುತ್ತದೆ, ಅದು ಕ್ರೋಧನ. ರಕ್ತಾಕ್ಷಿ 58ನೆಯದು, 1126ಕ್ಕೆ ಹೊಂದುತ್ತದೆ. ಅಂದರೆ ಶಾಸನ ಹೇಳುವ 1127 ನಡೆಯುತ್ತಿದ್ದ ವರ್ಷ, ಸಂದ ವರ್ಷಗಳು 1126. ತಿಥಿ ಬೀಳುವುದು 1204ರ ಡಿಸೆಂಬರ್ 25, ಶನಿವಾರ. ವಡ್ಡವಾರವೆಂದರೆ ಶನಿವಾರವೇ, ತಾಳೆಯಾಯಿತು. ಪರ್ಲ್‌ನಲ್ಲಿ ಈ ಪರೀಕ್ಷೆ ಒಂದೇ ಸಾಲು. ಅದನ್ನು ಬಿಟ್ಟರೆ ಇಡೀ ಪಟ್ಟಿಯಲ್ಲಿ ಒಂದೊಂದು ವರ್ಷದ ತಪ್ಪು ಸದ್ದಿಲ್ಲದೆ ಕೂತುಬಿಡುತ್ತದೆ.

ಇನ್ನು ಖಾನಾಪುರದ ಕಡೆ ಬನ್ನಿ. ಹಲಸಿಯ ಭೂವರಾಹ ನರಸಿಂಹ ದೇವಾಲಯದ ಗೋವಾ ಕದಂಬ ಶಾಸನದಲ್ಲಿರುವುದು ಕಲಿವರ್ಷ 4270. ಇಲ್ಲಿ 78 ಕೂಡಿಸಿದರೆ 4348 ಆಗಿ ನಗೆಪಾಟಲು! 3101 ಕಳೆಯಬೇಕು, ಆಗ 1169. ಅದೇ ಊರಿನ ಹೆಸರಿನಿಂದ ಪ್ರಸಿದ್ಧವಾದ ಕಾಕುಸ್ಥವರ್ಮನ ತಾಮ್ರಪಟದಲ್ಲಿ ತನ್ನ ವಿಜಯದ ಎಂಬತ್ತನೆಯ ವರ್ಷ ಎಂದಷ್ಟೇ ಇದೆ, ಅದೂ ಅಕ್ಷರದಲ್ಲಿ. ಈ 80 ಯಾವ ಗಣನೆಯದು ಎಂಬುದರ ಮೇಲೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 78 ಕೂಡಿಸಿದರೆ ಸಿಗುವ 158 ಐದನೆಯ ಶತಮಾನದ ಅರಸನಿಗೆ ಖಂಡಿತ ಸಲ್ಲದು. ಹಾಗಾಗಿ ವರ್ಷದ ಕಾಲಂ ಒಂದೇ ಇದ್ದರೆ ಸಾಲದು. ಶಾಸನದಲ್ಲಿದ್ದಂತೆ ಪಾಠ, ಗಣನೆಯ ಹೆಸರು, ಸಂವತ್ಸರ, ಕ್ರಿಸ್ತಶಕ ಎಂದು ನಾಲ್ಕು ಕಾಲಂ ಇರಲಿ, ನಡುವೆ ಟ್ಯಾಬ್ ಇರಲಿ. ಗಣನೆ ಖಾಲಿಯಿದ್ದರೆ ಪ್ರೋಗ್ರಾಂ ಕ್ರಿಸ್ತಶಕವನ್ನೂ ಖಾಲಿ ಬಿಡಬೇಕು.

ಊರ ಹೆಸರುಗಳಿಗೆ ಪರ್ಲ್‌ನ ಹ್ಯಾಶ್ ಒಳ್ಳೆಯದು. ಪಲಾಶಿಕಾ, ಪಲಸಿಗೆ, ಹಲಸಿಗೆ ಎಲ್ಲವೂ ‘ಹಲಸಿ’ಗೆ, ವೇಣುಗ್ರಾಮ ‘ಬೆಳಗಾವಿ’ಗೆ ದಾರಿ ತೋರಲಿ. ಆದರೆ ಮೂಲಪಾಠದೊಳಗೇ ಹೆಸರು ಬದಲಿಸಬೇಡಿ. ಱ, ೞ ಅಕ್ಷರಗಳನ್ನು ರ, ಳ ಮಾಡುವುದೂ ಬೇಡ, ಶಾಸನದ ಕಾಲ ಊಹಿಸಲು ಅವೂ ಸಾಕ್ಷಿ.

ಕೊನೆಯದಾಗಿ ಒಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ‘ಪಠ್ಯ ಸ್ವಚ್ಛ ಮಾಡೋಣ’ ಅಂತ ಹೊಸಬರು ಚಿಹ್ನೆಗಳನ್ನೆಲ್ಲ ಒಂದೇ ಸಾಲಿನಲ್ಲಿ ಅಳಿಸಿಬಿಡುತ್ತಾರೆ. ಶಾಸನ ಸಂಪುಟಗಳಲ್ಲಿ ಚೌಕ ಕಂಸದೊಳಗಿನ ಅಕ್ಷರವೆಂದರೆ ಸವೆದದ್ದು, ಅನುಮಾನದ್ದು. ನಕ್ಷತ್ರ ಚಿಹ್ನೆ ಇದ್ದರೆ ಸಂಪಾದಕರು ತುಂಬಿಕೊಟ್ಟದ್ದು. ಕಂಸ ಹೋದರೆ ಸಂಪಾದಕರ ಊಹೆಯೇ ಕಲ್ಲಿನ ಮಾತಾಗಿ ನಿಲ್ಲುತ್ತದೆ, ಮುಂದೆ ಅದನ್ನೇ ನಕಲು ಮಾಡುವವರಿಗೆ ಗೊತ್ತಾಗುವ ದಾರಿಯೇ ಇರುವುದಿಲ್ಲ. ಹುಡುಕಲು ಕಂಸವಿಲ್ಲದ ಪ್ರತಿ ಬೇಕಿದ್ದರೆ ಪ್ರೋಗ್ರಾಂ ಅದನ್ನು ಬೇರೆ ಫೈಲಿಗೆ ಬರೆಯಲಿ, ಮೂಲದ ಫೈಲನ್ನು ಓದಲು ಮಾತ್ರ ತೆರೆಯಿರಿ.