ಬೆಳಕಿನ ಬಲೆಯಲ್ಲಿ ಅಲ್ಪಾಯುಷಿ ಪರಮಾಣುಗಳು

ಲೇಸರ್ ಕಿರಣ ಮತ್ತು ಕಾಂತಕ್ಷೇತ್ರ ಎರಡನ್ನೂ ಬಳಸಿ ಪರಮಾಣುಗಳನ್ನು ಹಿಡಿದಿಡುವ ಬಲೆ ಮೊದಲು ಸಾಧ್ಯವಾದದ್ದು 1987ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, ಸಾಧಾರಣ ಸೋಡಿಯಂ ಪರಮಾಣುಗಳ ಮೇಲೆ. ನಿರ್ವಾತದೊಳಗೆ ಆರು ಕಡೆಯಿಂದ ಬರುವ ಕಿರಣಗಳು ಪರಮಾಣುವಿನ ಓಟವನ್ನು ತಡೆಯುತ್ತವೆ. ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಬಡಿದರೆ ಸೋಡಿಯಂನ ವೇಗ ಸೆಕೆಂಡಿಗೆ ಸುಮಾರು 3 ಸೆಂಟಿಮೀಟರಿನಷ್ಟೇ ತಗ್ಗುತ್ತದೆ. ಆದರೆ ಅಂಥ ಪೆಟ್ಟುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಬೀಳುತ್ತವೆ. ನಡುವಿನಿಂದ ಸರಿದ ಪರಮಾಣುವನ್ನು ಬೆಳಕು ಮತ್ತೆ ನಡುವಿಗೇ ತಳ್ಳುವಂತೆ ನೋಡಿಕೊಳ್ಳುವುದು ಎರಡು ತಂತಿ ಸುರುಳಿಗಳ ಕಾಂತಕ್ಷೇತ್ರ.

ಪರಮಾಣು ಭೌತವಿಜ್ಞಾನದ ಈ ಸಾಧನ ಬೀಜಕೇಂದ್ರವನ್ನು ಅಭ್ಯಸಿಸುವವರನ್ನು ಸೆಳೆಯಲು ಬಲವಾದ ಕಾರಣವಿತ್ತು. ವಿಕಿರಣಶೀಲ ಬೀಜಕೇಂದ್ರದ ಬೀಟಾ ಕ್ಷಯದಲ್ಲಿ ಹೊರಡುವ ನ್ಯೂಟ್ರಿನೊ ಉಪಕರಣಕ್ಕೆ ಸಿಗುವುದಿಲ್ಲ. ಅದರ ದಿಕ್ಕು ತಿಳಿಯಬೇಕಾದರೆ ಹಿಂದಕ್ಕೆ ಚಿಮ್ಮುವ ಬೀಜಕೇಂದ್ರವನ್ನೇ ಅಳೆಯಬೇಕು. ಅದರ ಶಕ್ತಿಯೋ ಕೆಲವು ನೂರು ಎಲೆಕ್ಟ್ರಾನ್ ವೋಲ್ಟ್. ಲೋಹದ ಹಾಳೆಯಲ್ಲಿ ಕ್ಷಯವಾದರೆ ಅದು ಅಲ್ಲೇ ಹೂತುಹೋಗುತ್ತದೆ. ಬಲೆಯಲ್ಲಿ ಯಾವ ಗೋಡೆಯೂ ಇಲ್ಲ. ಕ್ಷಯದಿಂದ ಹುಟ್ಟಿದ್ದು ಬೇರೆಯೇ ಧಾತುವಾದ್ದರಿಂದ ಲೇಸರ್ ಅದನ್ನು ಹಿಡಿಯುವುದೂ ಇಲ್ಲ, ಅದು ಅಡೆತಡೆಯಿಲ್ಲದೆ ಶೋಧಕವನ್ನು ಸೇರುತ್ತದೆ.

ಇಂಥ ವಿಕಿರಣಶೀಲ ಪರಮಾಣುಗಳನ್ನು ಬಲೆಯಲ್ಲಿ ಹಿಡಿಯುವಲ್ಲಿ 1994ರಲ್ಲಿ ಎರಡು ತಂಡಗಳು ಕಂಡ ಯಶಸ್ಸು ಒಂದೇ ಪತ್ರಿಕೆಯಲ್ಲಿ ಅಕ್ಕಪಕ್ಕದಲ್ಲೇ ಪ್ರಕಟವಾಯಿತು: ಅಮೆರಿಕದ ಬರ್ಕ್ಲಿಯಲ್ಲಿ 22 ಸೆಕೆಂಡು ಅರ್ಧಾಯುಷ್ಯದ ಸೋಡಿಯಂ-21, ಸ್ಟೋನಿ ಬ್ರೂಕ್‌ನಲ್ಲಿ ರುಬಿಡಿಯಂ-79. ಸ್ಟೋನಿ ಬ್ರೂಕ್ ತಂಡ ಮುಂದೆ ಚಿನ್ನದ ಮೇಲೆ ಆಮ್ಲಜನಕದ ಅಯಾನುಗಳನ್ನು ಅಪ್ಪಳಿಸಿ ಫ್ರಾನ್ಸಿಯಂ ಉಂಟುಮಾಡಿ, ಅದನ್ನೂ ಹಿಡಿಯಿತು. 1939ರಲ್ಲಿ ಮಾರ್ಗರೀತ್ ಪೆರೆ ಕಂಡುಹಿಡಿದ ಈ ಧಾತುವಿನ ಅತಿ ದೀರ್ಘಾಯುಷಿ ರೂಪಕ್ಕೂ ಅರ್ಧಾಯುಷ್ಯ 22 ನಿಮಿಷ ಮಾತ್ರ. ಕೆನಡಾದ ಟ್ರಯಂಫ್ ಕೇಂದ್ರ 1997ರಲ್ಲಿ ಪೊಟ್ಯಾಸಿಯಂ ಐಸೋಟೋಪುಗಳನ್ನು ಬಲೆಗೆ ಹಾಕಿತು. ಪೊಟ್ಯಾಸಿಯಂ-37ರ ಬೀಟಾ ಕಣಗಳು ಬೀಜಕೇಂದ್ರದ ಭ್ರಮಣದ ದಿಕ್ಕಿಗೆ ಎಷ್ಟು ಅಸಮವಾಗಿ ಹೊಮ್ಮುತ್ತವೆ ಎಂಬುದನ್ನು 2018ರಲ್ಲಿ ಅಲ್ಲಿ ಶೇ. 0.3ರ ನಿಖರತೆಯಲ್ಲಿ ಅಳೆಯಲಾಯಿತು. ಉತ್ತರ ಮೂಲಕಣಗಳ ಪ್ರಚಲಿತ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್‌ಗೆ ಹೊಂದಿಕೊಂಡಿತು.

ಈ ಇತಿಹಾಸದ ಅತ್ಯಂತ ಸೊಗಸಾದ ಅಧ್ಯಾಯ ಹೀಲಿಯಂನದು. ಅಮೆರಿಕದ ಆರ್ಗಾನ್ (Argonne) ಪ್ರಯೋಗಾಲಯದಲ್ಲಿ ಝೆಂಗ್-ಟಿಯಾನ್ ಲು ತಂಡ 1999ರಲ್ಲಿ ಕ್ರಿಪ್ಟಾನ್‌ನ ಅಪರೂಪದ ಐಸೋಟೋಪುಗಳನ್ನು ಒಂದೊಂದೇ ಪರಮಾಣುವಾಗಿ ಎಣಿಸುವ ವಿಧಾನ ರೂಪಿಸಿತ್ತು. ಬಲೆಯಲ್ಲಿ ಸಿಕ್ಕ ಒಂಟಿ ಪರಮಾಣು ಹೊಮ್ಮಿಸುವ ಬೆಳಕೇ ಅದರ ಗುರುತು. ಅದೇ ಕೌಶಲದಿಂದ 2004ರಲ್ಲಿ, 0.8 ಸೆಕೆಂಡು ಅರ್ಧಾಯುಷ್ಯದ ಹೀಲಿಯಂ-6 ಬಲೆಗೆ ಬಿತ್ತು. 2007ರಲ್ಲಿ ಫ್ರಾನ್ಸಿನ ಗಾನಿಲ್ ಕೇಂದ್ರದಲ್ಲಿ ಹೀಲಿಯಂ-8. ಅದರ ಅರ್ಧಾಯುಷ್ಯ 0.12 ಸೆಕೆಂಡು. ಗಂಟೆಗೆ ಸಿಗುತ್ತಿದ್ದದ್ದು ಸುಮಾರು 30 ಪರಮಾಣು. ಅಷ್ಟರಿಂದಲೇ ಬೆಳಕಿನ ಆವರ್ತನದ ಅತಿಸಣ್ಣ ಪಲ್ಲಟವನ್ನು ಅಳೆದು ಬೀಜಕೇಂದ್ರದ ವಿದ್ಯುದಾವೇಶ ಹರಡಿರುವ ತ್ರಿಜ್ಯವನ್ನು ಲೆಕ್ಕಹಾಕಲಾಯಿತು: ಹೀಲಿಯಂ-6ಕ್ಕೆ ಸುಮಾರು 2.05 ಫೆಮ್ಟೊಮೀಟರ್, ಹೀಲಿಯಂ-8ಕ್ಕೆ 1.93. ಎರಡು ನ್ಯೂಟ್ರಾನ್ ಹೆಚ್ಚಿದ್ದೂ ತ್ರಿಜ್ಯ ಕುಗ್ಗಿದೆ. ಹೀಲಿಯಂ-6ರಲ್ಲಿ ಹೊರಗಿನ ಎರಡು ನ್ಯೂಟ್ರಾನ್‌ಗಳು ಬಹುಪಾಲು ಒಂದೇ ಬದಿಯಲ್ಲಿರುವುದರಿಂದ ಪ್ರೋಟಾನ್‌ಗಳುಳ್ಳ ತಿರುಳು ತೂಕದ ಕೇಂದ್ರದ ಸುತ್ತ ಓಲಾಡುತ್ತದೆ. ಹೀಲಿಯಂ-8ರ ನಾಲ್ಕು ನ್ಯೂಟ್ರಾನ್‌ಗಳು ಸುತ್ತಲೂ ಹೆಚ್ಚು ಸಮನಾಗಿ ಹಂಚಿಕೊಂಡಿರುವುದರಿಂದ ಆ ಓಲಾಟ ಕಡಿಮೆ.