ಧಾರಣೆ ಇಳಿದಾಗ ಸಾಲ ಬೆಳೆದ ಬಗೆ

ಮಲಪ್ರಭೆಯ ದಡದ ಮನೋಳಿ ಎರೆಭೂಮಿಯ ಊರು. ಅದರ ಸುತ್ತಣ ಸವದತ್ತಿ, ಬೈಲಹೊಂಗಲ ಸೀಮೆಗಳ ರೈತನು ಜೋಳವನ್ನು ಮನೆಗೂ ಹತ್ತಿಯನ್ನು ಪೇಟೆಗೂ ಬೆಳೆಯುತ್ತ ಬಂದವನು. ಜೋಳದಿಂದ ಹೊಟ್ಟೆ ತುಂಬಿದರೆ, ಕಂದಾಯವೂ ಬಡ್ಡಿಯೂ ಹತ್ತಿಯಿಂದ ತೀರಬೇಕು. ಆ ಹತ್ತಿಯ ಧಾರಣೆಯಾದರೋ ಮುಂಬಯಿ, ಲಿವರ್‌ಪೂಲುಗಳ ಪೇಟೆಗಳನ್ನು ಅನುಸರಿಸುತ್ತಿತ್ತು. ಆದುದರಿಂದಲೇ 1929ರಲ್ಲಿ ಜಗತ್ತನ್ನು ಕವಿದ ಮುಗ್ಗಟ್ಟು ಇಂತಹ ಊರುಗಳ ಕಣಕ್ಕೂ ಬಂದಿತು.

ಕಲ್ಕತ್ತೆಯ ಸಗಟು ಧಾರಣೆಗಳನ್ನು 1914ರಲ್ಲಿ 100 ಎಂದಿಟ್ಟುಕೊಂಡರೆ, 1929ರಲ್ಲಿ 141 ಆಗಿದ್ದ ಅಂಕಿ 1933ರಲ್ಲಿ 87ಕ್ಕೆ ಇಳಿಯಿತು. ಸಾಲಪತ್ರದ ಅಂಕಿ ಮಾತ್ರ ಇದ್ದಲ್ಲೇ ಇತ್ತು. ಮೊದಲು 100 ಮಣ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಈ ಲೆಕ್ಕದಂತೆ 160 ಮಣಕ್ಕೂ ಹೆಚ್ಚು ಬೇಕು. ಹೊಸದಾಗಿ ಕಾಸೂ ಪಡೆಯದವನ ಸಾಲವೂ ಹೀಗೆ ಬೆಳೆಯಿತು.

ಆಗ ಸರ್ಕಾರವು ಮಾಡಿದುದೇನು? 1927ರ ಕಾನೂನು ರೂಪಾಯಿಯ ಬೆಲೆಯನ್ನು 18 ಪೆನ್ಸ್ ಎಂದು ಗೊತ್ತುಮಾಡಿತ್ತು. 16 ಪೆನ್ಸ್ ಇರಬೇಕೆಂದು ಸರ್ ಪುರುಷೋತ್ತಮದಾಸ್ ಠಾಕೂರದಾಸರು 1926ರ ನಾಣ್ಯ ಆಯೋಗದಲ್ಲಿ ಭಿನ್ನಮತ ಬರೆದಿದ್ದರು. ಹೊರನಾಡಿಗೆ ಮಾರಿದ ಸರಕಿನ ಒಂದು ಪೌಂಡಿಗೆ ಅವರ ದರದಲ್ಲಿ 15 ರೂಪಾಯಿ ದೊರೆಯುವುದು. ಸರ್ಕಾರದ ದರದಲ್ಲಿ 13 ರೂಪಾಯಿ 5 ಆಣೆ 4 ಪೈ. 1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಚಿನ್ನದ ಆಧಾರವನ್ನು ತೊರೆದಾಗಲೂ ರೂಪಾಯಿಯು ಸ್ಟರ್ಲಿಂಗಿಗೆ 18 ಪೆನ್ಸಿನಲ್ಲಿಯೇ ಕಟ್ಟುಬಿದ್ದಿತು. ಅದೇ ತಿಂಗಳು, ಆಯವ್ಯಯವನ್ನು ಸರಿದೂಗಿಸಲೆಂದು ತೆರಿಗೆಗಳ ಮೇಲೆ ನೂರಕ್ಕೆ 25ರಂತೆ ಅಧಿಕ ಸುಂಕವನ್ನು ಹೇರಲಾಯಿತು. ಉಪ್ಪೂ ಅದರಿಂದ ತಪ್ಪಲಿಲ್ಲ. ಚಿನ್ನದ ಬೆಲೆ ಏರಿತು. ನಾಡಿನ ಹೆಂಗಸರ ಒಡವೆಗಳು ಕರಗಿ, ಗಟ್ಟಿಗಳಾಗಿ, ಹಡಗನ್ನೇರಿದುವು. ಲಂಡನ್ನಿಗೆ ಸಲ್ಲಬೇಕಾದ ಹಣ ಇದರಿಂದ ಸರಾಗವಾಗಿ ಸಂದಿತು.

ರಿಸರ್ವ್ ಬ್ಯಾಂಕು ಹುಟ್ಟಿದುದು 1935ನೆಯ ಏಪ್ರಿಲ್ 1ರಂದು. ಕೃಷಿಸಾಲದ ಒಂದು ಶಾಖೆಯನ್ನು ಕಾನೂನು ಅದಕ್ಕೆ ಕೊಟ್ಟಿತಾದರೂ, 18 ಪೆನ್ಸಿನ ದರವನ್ನು ಕಾಯುವ ಹೊಣೆಯನ್ನೂ ಹೊರಿಸಿತು. ರೈತನ ಶಕ್ತಿಗೆ ತಕ್ಕಂತೆ ಸಾಲವನ್ನು ತಗ್ಗಿಸುವ ಕಾನೂನು ಮುಂಬಯಿ ಪ್ರಾಂತಕ್ಕೆ, ಅಂದರೆ ಆಗ ಅದರೊಳಗಿದ್ದ ಮನೋಳಿಗೂ, ದೊರೆತುದು 1939ರಲ್ಲಿ. ಮುಗ್ಗಟ್ಟು ತೊಡಗಿ ಹತ್ತು ವರ್ಷಗಳಾದ ಮೇಲೆ.

2008ರ ಜಾಗತಿಕ ಮುಗ್ಗಟ್ಟಿನಲ್ಲಿ ಅದೇ ಬ್ಯಾಂಕು ಬೇರೆ ದಾರಿ ಹಿಡಿಯಿತು. ಅಕ್ಟೋಬರಿನಿಂದ ಮರುವರ್ಷದ ಏಪ್ರಿಲಿನೊಳಗಾಗಿ ತನ್ನ ರೆಪೋ ದರವನ್ನು ನೂರಕ್ಕೆ 9ರಿಂದ 4.75ಕ್ಕೆ ಇಳಿಸಿತು. ನಾಣ್ಯದ ಬೆಲೆಯನ್ನು ಕಾಯುವವರು ಸಾಲಗಾರನ ಹೊರೆಯನ್ನೂ ತೂಗಬೇಕು, ಅದನ್ನೂ ಸಕಾಲದಲ್ಲಿ ತೂಗಬೇಕು. ಮಾರಿಹೋದ ಒಡವೆಯನ್ನು ಆಮೇಲೆ ಬಂದ ಯಾವ ಕಾನೂನೂ ಮನೆಗೆ ಮರಳಿ ತರಲಿಲ್ಲ.