ಸ್ಟಾರ್ಟ್‌ಅಪ್ ಸ್ಕ್ರಿಪ್ಟ್

ಕಂಪ್ಯೂಟರ್ ಶುರುವಾದಾಗ ಅಥವಾ ಬಳಕೆದಾರರು ಲಾಗಿನ್ ಆದಾಗ ತಾನಾಗಿ ನಡೆಯುವ ಆದೇಶಗಳ ಕಡತ. ಬ್ಯಾಕಪ್ ತೆಗೆಯುವುದು, ನೆಟ್‌ವರ್ಕ್ ಡ್ರೈವ್ ಜೋಡಿಸುವುದು, ಕನ್ನಡ ಕೀಲಿಮಣೆ ಸಿದ್ಧಪಡಿಸುವುದು ಇದರ ಸಾಮಾನ್ಯ ಕೆಲಸಗಳು. ಇದಕ್ಕೆ ಬೇಕಾದ ಕೆಲವು ಸೆಟ್ಟಿಂಗ್‌ಗಳಿಗೆ ಇಂದಿನ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ನಿರ್ಬಂಧವಿದ್ದು, ಅವನ್ನು ಬೇಕೆಂದೇ ತೆರೆಯಬೇಕಾಗುತ್ತದೆ.

ಹಿನ್ನೆಲೆ

ಎಂಎಸ್-ಡಾಸ್ ಕಾಲದಲ್ಲಿ ‘ಆಟೋಎಕ್ಸೆಕ್’ ಕಡತದಲ್ಲಿ ಏನು ಬರೆದಿದ್ದರೂ ಯಂತ್ರ ಕೇಳದೆ ನಡೆಸುತ್ತಿತ್ತು. 2000ದ ಮೇ ತಿಂಗಳಲ್ಲಿ ಹರಡಿದ ‘ಐ ಲವ್ ಯು’ ವರ್ಮ್ ವಿಂಡೋಸ್ ರಿಜಿಸ್ಟ್ರಿಯ ‘ರನ್’ ನಮೂದುಗಳಲ್ಲಿ ಸೇರಿಕೊಂಡು ಪ್ರತಿ ಸಲವೂ ಎದ್ದೇಳುತ್ತಿತ್ತು. 2006ರಲ್ಲಿ ಬಂದ, ವಿಂಡೋಸ್‌ಗೆ ಆದೇಶ ಕೊಡುವ ಸಾಧನವಾದ ಪವರ್‌ಶೆಲ್, ಸ್ಕ್ರಿಪ್ಟ್ ಕಡತಗಳನ್ನು ಮೊದಲೇ ತಡೆದಿಟ್ಟದ್ದರ ಹಿಂದೆ ಇಂಥ ಅನುಭವಗಳಿವೆ ಎನ್ನಬಹುದು.

ನಿರ್ಬಂಧಗಳು

ಮನೆ, ಕಚೇರಿಗಳ ವಿಂಡೋಸ್‌ನಲ್ಲಿ ಪವರ್‌ಶೆಲ್‌ನ ‘ಎಕ್ಸಿಕ್ಯೂಷನ್ ಪಾಲಿಸಿ’ ಮೂಲತಃ ‘ರಿಸ್ಟ್ರಿಕ್ಟೆಡ್’ ಆಗಿರುತ್ತದೆ. ಬಿಡಿ ಆದೇಶಗಳು ನಡೆಯುತ್ತವೆ, ಕಡತ ನಡೆಯುವುದಿಲ್ಲ. ‘ರಿಮೋಟ್‌ಸೈನ್ಡ್’ ಎಂದು ಬದಲಿಸಿದರೆ ಅದೇ ಯಂತ್ರದಲ್ಲಿ ಬರೆದ ಸ್ಕ್ರಿಪ್ಟ್‌ಗಳು ನಡೆಯುತ್ತವೆ; ಅಂತರ್ಜಾಲದಿಂದ ಇಳಿಸಿಕೊಂಡವಕ್ಕೆ ಡಿಜಿಟಲ್ ಸಹಿ ಬೇಕು. ತನ್ನ ಖಾತೆಗಷ್ಟೇ ಬದಲಿಸಲು ಅಡ್ಮಿನ್ ಅನುಮತಿ ಬೇಡ, ಇಡೀ ಯಂತ್ರಕ್ಕಾದರೆ ಬೇಕು. ಗ್ರೂಪ್ ಪಾಲಿಸಿಯಲ್ಲಿ ನಿಗದಿಯಾಗಿದ್ದರೆ ಅದರ ಮಾತೇ ಕೊನೆ.

ಹೆಚ್ಚಿನ ಲಿನಕ್ಸ್ ವ್ಯವಸ್ಥೆಗಳಲ್ಲಿ 2010ರಿಂದ ಬೆಳೆದ ಸಿಸ್ಟಮ್‌ಡಿ ಸ್ಟಾರ್ಟ್‌ಅಪ್ ಕೆಲಸಗಳನ್ನು ನೋಡಿಕೊಳ್ಳುತ್ತದೆ. ಹಳೆಯ ‘ಆರ್‌ಸಿ.ಲೋಕಲ್’ ಕಡತವನ್ನೂ ಅದು ಸಾಮಾನ್ಯವಾಗಿ ಒಪ್ಪುತ್ತದೆ, ಆದರೆ ಕಡತಕ್ಕೆ ‘ಎಕ್ಸಿಕ್ಯೂಟ್’ ಅನುಮತಿ ಇಲ್ಲದಿದ್ದರೆ ದೋಷದ ಸೂಚನೆಯನ್ನೂ ಕೊಡದೆ ಬಿಟ್ಟುಬಿಡುತ್ತದೆ.

ಬೂಟ್ ಮತ್ತು ಲಾಗಿನ್

ಎಲ್ಲ ಅನುಮತಿ ಕೊಟ್ಟ ಮೇಲೂ ಸ್ಕ್ರಿಪ್ಟ್ ಕೆಲಸ ಮಾಡದಿರಲು ಒಂದು ಕಾರಣ ಬೂಟ್, ಲಾಗಿನ್ ಎಂಬ ಎರಡು ಹಂತಗಳ ಗೊಂದಲ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ ಸೇವೆಗಳು ‘ಸೆಷನ್ ಸೊನ್ನೆ’ಯಲ್ಲಿ, ಬಳಕೆದಾರರ ತೆರೆಯಿಂದ ಬೇರೆಯಾಗಿ ನಡೆಯುತ್ತವೆ. ಲಾಗಿನ್‌ಗೆ ಮೊದಲೇ ನಡೆಯುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿದ ಕೆಲಸದ ಗತಿಯೂ ಅದೇ. ಕನ್ನಡ ಗಣಕ ಪರಿಷತ್ತಿನ (ಕಗಪ) ‘ನುಡಿ’ಯಂಥ ತಂತ್ರಾಂಶವನ್ನು ಹಾಗೆ ಹಾಕಿದರೆ ಅದು ನಡೆದರೂ ಬಳಕೆದಾರರ ಟೈಪಿಂಗ್‌ಗೆ ಸಿಗದು, ಅದಕ್ಕೆ ‘ಲಾಗಾನ್ ಆದಾಗ’ ಎಂಬ ಆಯ್ಕೆ ಅಥವಾ ಸ್ಟಾರ್ಟ್‌ಅಪ್ ಫೋಲ್ಡರ್ ಸರಿಯಾದ ಜಾಗ. ಲಿನಕ್ಸ್‌ನಲ್ಲಿ ಕೀಲಿಮಣೆ ಬದಲಿಸುವ ‘ಸೆಟ್‌ಎಕ್ಸ್‌ಕೆಬಿಮ್ಯಾಪ್’ ಆದೇಶಕ್ಕೂ ತೆರೆಯನ್ನು ನಿರ್ವಹಿಸುವ ‘ಎಕ್ಸ್’ ವ್ಯವಸ್ಥೆಯ ಸೆಷನ್ ತೆರೆದಿರಬೇಕು. ಬೂಟ್ ಹಂತದಲ್ಲಿ ಅದು ಸೋಲುತ್ತದೆ. ಎಕ್ಸ್ ಬದಲು ವೇಲ್ಯಾಂಡ್ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಈ ಆದೇಶದ ಬದಲು ಡೆಸ್ಕ್‌ಟಾಪ್‌ನ ಸ್ವಂತ ಸೆಟ್ಟಿಂಗನ್ನೇ ಬಳಸಬೇಕು.

ಬೆಳಗಾವಿ ಮತ್ತು ಖಾನಾಪುರ

ಕನ್ನಡ, ಮರಾಠಿ ಎರಡೂ ನಿತ್ಯ ಬಳಕೆಯಲ್ಲಿರುವ ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಲ್ಲಿ ಒಂದೇ ಯಂತ್ರಕ್ಕೆ ಎರಡು ಭಾಷೆಗಳ ಕೀಲಿಮಣೆ ಬೇಕಾಗುವುದು ಸಹಜ. ಲಿನಕ್ಸ್‌ನ ಕೀಲಿಮಣೆ ಸಂಗ್ರಹದಲ್ಲಿ ‘ಕಗಪ’ ಹೆಸರಿನ ವಿನ್ಯಾಸ ಕನ್ನಡಕ್ಕಷ್ಟೇ ಅಲ್ಲ, ಮರಾಠಿಗೂ ಇದೆ ಎಂಬುದು ಇಲ್ಲಿ ಗಮನಾರ್ಹ. ಎಕ್ಸ್ ವ್ಯವಸ್ಥೆ ಏಕಕಾಲಕ್ಕೆ ನಾಲ್ಕು ವಿನ್ಯಾಸಗಳನ್ನು ಇಟ್ಟುಕೊಳ್ಳಬಲ್ಲದು. ಹೀಗಾಗಿ ಇಂಗ್ಲಿಷ್, ಕನ್ನಡ ಕಗಪ, ಮರಾಠಿ ಕಗಪ ಮೂರನ್ನೂ ಒಂದೇ ಸಾಲಿನ ಲಾಗಿನ್ ಸ್ಕ್ರಿಪ್ಟ್ ಸಿದ್ಧಮಾಡುತ್ತದೆ.

ಖಾನಾಪುರ ಪಶ್ಚಿಮ ಘಟ್ಟದ ಮಳೆನಾಡು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಯಂತ್ರ ತಾನೇ ಎದ್ದು ಕೆಲಸ ಮುಂದುವರಿಸಬೇಕಾದರೆ ಸ್ಕ್ರಿಪ್ಟ್ ಒಂದೇ ಸಾಲದು. ಬಯಾಸ್‌ನಲ್ಲಿ ವಿದ್ಯುತ್ ಮರಳಿದಾಗ ಚಾಲೂ ಆಗುವ ಆಯ್ಕೆಯನ್ನೂ ತೆರೆದಿರಬೇಕು.



ಸುರಕ್ಷತೆ

ಎಕ್ಸಿಕ್ಯೂಷನ್ ಪಾಲಿಸಿ ಭದ್ರತೆಯ ಗಡಿಯಲ್ಲ, ಅರಿಯದೆ ಸ್ಕ್ರಿಪ್ಟ್ ನಡೆಸದಂತೆ ತಡೆಯುವ ಮುನ್ನೆಚ್ಚರಿಕೆ ಎಂದು ಮೈಕ್ರೋಸಾಫ್ಟ್ ಸ್ಪಷ್ಟಪಡಿಸಿದೆ. ಆದ್ದರಿಂದ ಅದನ್ನು ಪೂರ್ತಿ ತೆಗೆದುಹಾಕುವ ಬದಲು ಬೇಕಾದ ಖಾತೆಗಷ್ಟೇ ಸಡಿಲಿಸುವುದು ಉತ್ತಮ. ಅಡ್ಮಿನ್ ಅಧಿಕಾರದಲ್ಲಿ ನಡೆಯುವ ಸ್ಕ್ರಿಪ್ಟನ್ನು ಮತ್ತು ಅದಿರುವ ಫೋಲ್ಡರನ್ನು ಸಾಮಾನ್ಯ ಬಳಕೆದಾರರು ತಿದ್ದಲಾಗದಂತೆ ಇಡಬೇಕು. ತಿದ್ದಲು ಬಂದರೆ ಅಡ್ಮಿನ್ ಅಧಿಕಾರವೇ ಅವರ ಕೈಗೆ ಹೋದಂತೆ.